ಹಳ್ಳಿಮನೆ ಕೊಳ್ಳುವ ಮುನ್ನ ಅಳತೆ: ಪತ್ರದಲ್ಲಿರುವಷ್ಟು ಜಾಗ ನೆಲದ ಮೇಲಿದೆಯೇ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ಹಳೆಯ ಮಾತು. ಕಟ್ಟಿದ ಮನೆಯನ್ನು ಕೊಳ್ಳುವುದು ಇವೆರಡಕ್ಕಿಂತ ಸುಲಭವೆಂದು ಭಾವಿಸುವವರು ಬಹಳ. ನಗರದಲ್ಲಿ ದುಡಿದು ದಣಿದವರು ನಿವೃತ್ತಿಯ ಹಣದಲ್ಲಿ ಹಳ್ಳಿಯೊಂದರಲ್ಲಿ ಹೆಂಚಿನ ಮನೆ, ಹಿತ್ತಲು, ಬಾವಿ ಇರುವ ಜಾಗವನ್ನು ಹುಡುಕುವುದು ಇಂದು ಸಾಮಾನ್ಯವಾಗಿದೆ. ಮನೆ ಮನಸ್ಸಿಗೆ ಹಿಡಿಸುತ್ತದೆ, ಮಾರುವವರು ಪರಿಚಿತರಂತೆ ಕಾಣುತ್ತಾರೆ, ಮಧ್ಯವರ್ತಿಯು ಬೇಲಿಯತ್ತ ಕೈತೋರಿಸಿ 'ಅಲ್ಲಿಯವರೆಗೂ ನಮ್ಮದೇ' ಎನ್ನುತ್ತಾನೆ. ಆ ಬೆರಳಿನ ನೇರಕ್ಕೆ ನಂಬಿಕೆಯಿಟ್ಟು ಲಕ್ಷಾಂತರ ರೂಪಾಯಿ ಸುರಿದವರು ಮುಂದೆ ಕಾಂಪೌಂಡ್ ಕಟ್ಟಲು ಹೊರಟಾಗಲೇ ಮೊದಲ ಬಾರಿಗೆ ಟೇಪು ಹಿಡಿಯುತ್ತಾರೆ. ಆಗ ಹಿತ್ತಲಿನ ಅರ್ಧ ಭಾಗ ಪಕ್ಕದವರದ್ದು, ಮುಂದಿನ ಜಗುಲಿ ಪಂಚಾಯಿತಿ ರಸ್ತೆಯದ್ದು, ಬಾವಿ ಇಬ್ಬರಿಗೆ ಸೇರಿದ್ದು ಎಂಬ ಸಂಗತಿಗಳು ಒಂದೊಂದಾಗಿ ಹೊರಬೀಳುತ್ತವೆ. ಕೊಳ್ಳುವ ಮುನ್ನ ಒಂದು ದಿನದಲ್ಲಿ ಮುಗಿಯಬಹುದಾಗಿದ್ದ ಅಳತೆಯ ಕೆಲಸ, ಕೊಂಡ ನಂತರ ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಿಸುವುದು ಹೀಗೆ.

ದಾಖಲೆ ಹೇಳುವುದೇನು, ಹೇಳದಿರುವುದೇನು?

ಆಸ್ತಿಯ ಕಾಗದಪತ್ರಗಳೆಲ್ಲ ಸರಿಯಾಗಿವೆ ಎಂದು ವಕೀಲರು ತಿಳಿಸಿದ ಮಾತ್ರಕ್ಕೆ ಜಾಗದ ವಿಸ್ತೀರ್ಣವೂ ಸರಿಯಾಗಿದೆ ಎಂದರ್ಥವಲ್ಲ. ಕ್ರಯಪತ್ರವು ಯಾರು ಯಾರಿಗೆ ಮಾರಿದರೆಂಬುದನ್ನು ಹೇಳುತ್ತದೆ. ಪಹಣಿಯು ಸರ್ವೆ ನಂಬರಿನ ವಿಸ್ತೀರ್ಣ, ಖಾತೆದಾರರು, ಸಾಲ ಹಾಗೂ ಬೆಳೆಯ ವಿವರಗಳನ್ನು ನೀಡುತ್ತದೆ. ಋಣಭಾರ ಪ್ರಮಾಣಪತ್ರವು ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ತೋರಿಸುತ್ತದೆ. ಅಣ್ಣತಮ್ಮಂದಿರು ಪಂಚರ ಸಮಕ್ಷಮದಲ್ಲಿ ಬಾಯಿಮಾತಿನಲ್ಲಿ ಹಂಚಿಕೊಂಡ ಪಾಲು ಅದರಲ್ಲಿ ಕಾಣಿಸದು. ಗ್ರಾಮ ಪಂಚಾಯಿತಿಗೆ ಕಟ್ಟಿದ ಮನೆಕಂದಾಯದ ರಸೀದಿಯಾಗಲಿ, ಖಾತೆಯಾಗಲಿ ತಾವಾಗಿಯೇ ಒಡೆತನದ ಪುರಾವೆಗಳಾಗುವುದಿಲ್ಲ. ಬೇಲಿ ಎಲ್ಲಿ ನಿಂತಿದೆ, ಅದು ಎಲ್ಲಿ ನಿಲ್ಲಬೇಕಾಗಿತ್ತು ಎಂಬ ಪ್ರಶ್ನೆಗೆ ಈ ಯಾವ ಕಾಗದವೂ ಉತ್ತರಿಸುವುದಿಲ್ಲ. ಉತ್ತರ ದೊರೆಯುವುದು ಭೂಮಾಪನ ಇಲಾಖೆಯ ಮೂಲ ದಾಖಲೆಗಳನ್ನು ನೆಲದ ಮೇಲಿನ ಅಳತೆಯೊಂದಿಗೆ ತಾಳೆ ನೋಡಿದಾಗ ಮಾತ್ರ.

ಈ ಮೂಲ ದಾಖಲೆಗಳ ಬೇರು ಬಹಳ ಹಿಂದಕ್ಕೆ ಹೋಗುತ್ತದೆ. ಹಳೆಯ ಮೈಸೂರು ಸಂಸ್ಥಾನದಲ್ಲಿ ಬೊಂಬಾಯಿ ಮಾದರಿಯ ಕಂದಾಯ ಭೂಮಾಪನ ಆರಂಭವಾದದ್ದು 1863ರಲ್ಲಿ. ಪ್ರತಿಯೊಂದು ಸರ್ವೆ ನಂಬರಿನ ಆಕಾರ ಹಾಗೂ ಅಳತೆಗಳನ್ನು ಗುರುತಿಸಿದ ಪುಸ್ತಕವೇ ಟಿಪ್ಪಣಿ. ವಿಸ್ತೀರ್ಣ, ಖರಾಬು ಮತ್ತು ಕಂದಾಯದ ಆಕಾರವನ್ನು ನಮೂದಿಸಿದ ದಾಖಲೆಯೇ ಆಕಾರಬಂದ್. ಇಡೀ ಊರಿನ ಸರ್ವೆ ನಂಬರುಗಳು, ಹಳ್ಳಕೊಳ್ಳಗಳು, ದಾರಿಗಳು, ಕೆರೆಕಟ್ಟೆಗಳು ಗ್ರಾಮನಕ್ಷೆಯಲ್ಲಿರುತ್ತವೆ. ರಾಜ್ಯದಲ್ಲಿ 2000ದ ಸುಮಾರಿಗೆ ಭೂಮಿ ಯೋಜನೆಯ ಮೂಲಕ ಪಹಣಿಗಳು ಗಣಕೀಕೃತವಾದವು. ಆದರೆ ಗಣಕಯಂತ್ರಕ್ಕೆ ಏರಿದ್ದು ಕೈಬರಹದ ಪಹಣಿಯಲ್ಲಿದ್ದ ಅಂಕಿಗಳೇ ಹೊರತು ಹೊಸ ಅಳತೆಯಲ್ಲ. ಹೀಗಾಗಿ ಒಂದೇ ಸರ್ವೆ ನಂಬರಿನ ಎಲ್ಲ ಖಾತೆದಾರರ ಪಹಣಿ ವಿಸ್ತೀರ್ಣಗಳನ್ನು ಕೂಡಿದರೆ ಆಕಾರಬಂದ್‌ನಲ್ಲಿರುವುದಕ್ಕಿಂತ ಹೆಚ್ಚಾಗುವ ಪ್ರಕರಣಗಳೂ ಇವೆ. ಅಂತಹ ಕಡೆ ಯಾರಿಗೋ ಒಬ್ಬರಿಗೆ ಕಾಗದದಲ್ಲಿರುವ ಜಾಗ ನೆಲದ ಮೇಲೆ ಸಿಗುವುದಿಲ್ಲ. ಕೊನೆಯಲ್ಲಿ ಬಂದ ಖರೀದಿದಾರನೇ ಆ ಒಬ್ಬನಾಗುವ ಸಂಭವ ಹೆಚ್ಚು.

ಮನೆ ಯಾವ ಬಗೆಯ ಜಾಗದಲ್ಲಿದೆ?

ಅಳತೆಯ ಕ್ರಮವು ಮನೆ ನಿಂತಿರುವ ಜಾಗದ ಸ್ವರೂಪವನ್ನು ಅವಲಂಬಿಸಿದೆ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಒಂದು, ಗ್ರಾಮಠಾಣದ ಮನೆ. ಊರಿನ ಜನವಸತಿಯ ಈ ಪ್ರದೇಶಕ್ಕೆ ಕೃಷಿ ಕಂದಾಯವಿಲ್ಲ, ಪ್ರತಿ ಮನೆಗೂ ಪಹಣಿ ಇರುವುದಿಲ್ಲ. ಗ್ರಾಮನಕ್ಷೆಯಲ್ಲಿ ಇಡೀ ಗ್ರಾಮಠಾಣವು ಸಾಮಾನ್ಯವಾಗಿ ಒಂದೇ ತುಂಡಾಗಿ ಕಾಣಿಸುತ್ತದೆ. ಒಳಗಿನ ಮನೆಗಳ ಗಡಿಗಳು ಅದರಲ್ಲಿಲ್ಲ. ಇಂತಹ ಮನೆಗೆ ಆಧಾರ ಪಂಚಾಯಿತಿಯ ಆಸ್ತಿ ವಹಿ ಮತ್ತು ಹಳೆಯ ಪತ್ರಗಳಲ್ಲಿರುವ ಚಕ್ಕುಬಂದಿ. 2013ರಲ್ಲಿ ಜಾರಿಗೆ ಬಂದ ಇ-ಸ್ವತ್ತು ವ್ಯವಸ್ಥೆಯಲ್ಲಿ ನಮೂನೆ 9 ಹಾಗೂ ನಮೂನೆ 11ಎ ಇದ್ದರೆ ಅದರಲ್ಲಿ ಉದ್ದ, ಅಗಲ ಮತ್ತು ನಾಲ್ಕೂ ದಿಕ್ಕಿನ ಗಡಿಗಳು ನಮೂದಾಗಿರುತ್ತವೆ. ನಮೂನೆ 11ಬಿ ಮಾತ್ರ ಇದ್ದರೆ ಅದಕ್ಕೆ ಕಾರಣವೇನೆಂದು ಪಂಚಾಯಿತಿಯಲ್ಲಿ ವಿಚಾರಿಸದೆ ಮುಂಗಡ ಕೊಡಬಾರದು.

ಗ್ರಾಮಠಾಣದ ಈ ಕೊರತೆಯನ್ನು ನೀಗಿಸಲೆಂದೇ ಕೇಂದ್ರ ಸರ್ಕಾರವು 2020ರ ಏಪ್ರಿಲ್ 24ರಂದು ಸ್ವಾಮಿತ್ವ ಯೋಜನೆಯನ್ನು ಪ್ರಕಟಿಸಿತು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಸಹಯೋಗದಲ್ಲಿ ಡ್ರೋನ್ ಮೂಲಕ ಜನವಸತಿ ಪ್ರದೇಶವನ್ನು ಅಳೆದು ಆಸ್ತಿ ಕಾರ್ಡ್ ನೀಡುವ ಈ ಯೋಜನೆಯ ಪ್ರಾಯೋಗಿಕ ಹಂತದಲ್ಲಿಯೇ ಕರ್ನಾಟಕವೂ ಸೇರಿತ್ತು. ಡ್ರೋನ್ ಹಾರಿಸುವ ಮುನ್ನ ಮಾಲೀಕರ ಸಮಕ್ಷಮದಲ್ಲಿ ಪ್ರತಿ ಆಸ್ತಿಯ ಸುತ್ತ ಸುಣ್ಣದ ಗೆರೆ ಎಳೆಯಲಾಗುತ್ತದೆ. ಕೊಳ್ಳಲಿರುವ ಊರಿನಲ್ಲಿ ಈ ಕಾರ್ಯ ಪೂರ್ಣಗೊಂಡಿದೆಯೇ, ಕಾರ್ಡ್ ಬಂದಿದೆಯೇ, ಆಕ್ಷೇಪಣೆಗಳೇನಾದರೂ ಬಾಕಿಯಿವೆಯೇ ಎಂಬುದನ್ನು ತಿಳಿಯುವುದು ಲೇಸು.

ಎರಡು, ಭೂಪರಿವರ್ತನೆಯಾದ ಜಾಗದ ಮನೆ. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 95ನೇ ಕಲಮಿನಡಿ ಕೃಷಿಯೇತರ ಬಳಕೆಗೆ ಅನುಮತಿ ಪಡೆದ ಜಾಗ ಇದು. ಪರಿವರ್ತನೆಯ ಆದೇಶದಲ್ಲಿರುವ ವಿಸ್ತೀರ್ಣ, ಅದರೊಂದಿಗೆ ಲಗತ್ತಿಸಿದ ನಕ್ಷೆ ಹಾಗೂ ಮನೆ ನಿಂತಿರುವ ಸ್ಥಳ ಮೂರೂ ಹೊಂದಬೇಕು. ಆದೇಶ ಒಂದು ಮೂಲೆಗೆ, ಮನೆ ಇನ್ನೊಂದು ಮೂಲೆಗೆ ಇದ್ದರೆ ಆ ಆದೇಶದಿಂದ ಮನೆಗೆ ರಕ್ಷಣೆ ದೊರೆಯದು.

ಮೂರು, ಕೃಷಿ ಜಮೀನಿನಲ್ಲಿರುವ ತೋಟದ ಮನೆ. ಭೂ ಸುಧಾರಣಾ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯಿಂದ 79ಎ ಮತ್ತು 79ಬಿ ಕಲಮುಗಳು ರದ್ದಾದ ಬಳಿಕ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಗಿದೆ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ ಅಗತ್ಯ. ಮಾರಾಟವಾಗುವ ತುಂಡು ಯಾವುದು, ಉಳಿಯುವ ತುಂಡು ಯಾವುದು ಎಂಬುದನ್ನು ನೋಂದಣಿಗೆ ಮೊದಲೇ ಈ ನಕ್ಷೆ ನಿಗದಿಪಡಿಸುತ್ತದೆ. ಪೋಡಿಯಾಗದೆ ಹಲವು ಹೆಸರುಗಳಿರುವ ಬಹುಮಾಲೀಕತ್ವದ ಪಹಣಿಯಾಗಿದ್ದರೆ ಎಚ್ಚರಿಕೆ ಇಮ್ಮಡಿಯಾಗಬೇಕು.

ನಾಲ್ಕು, ಸರ್ಕಾರದಿಂದ ಮಂಜೂರಾದ ಅಥವಾ ಹಕ್ಕುಪತ್ರದ ಜಾಗ. ಇಲ್ಲಿ ಅಳತೆಗಿಂತ ಮೊದಲು ಪರಭಾರೆಯ ಷರತ್ತುಗಳನ್ನು ಓದಬೇಕು. ಪರಿಶಿಷ್ಟ ಜಾತಿ ಹಾಗೂ ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಳ್ಳುವುದನ್ನು 1978ರ ಕಾಯ್ದೆಯು ನಿಷೇಧಿಸುತ್ತದೆ. ಅಂತಹ ಖರೀದಿಯು ಎಷ್ಟೇ ಕರಾರುವಾಕ್ಕಾದ ಅಳತೆಯಿಂದಲೂ ಊರ್ಜಿತವಾಗದು.

ಗುಂಟೆ, ಆಣೆ, ಸೆಂಟ್ಸ್: ಲೆಕ್ಕ ಗೊತ್ತಿರಲಿ

ನಗರದವರಿಗೆ 30-40ರ ನಿವೇಶನ ಗೊತ್ತು, ಗುಂಟೆ ಗೊತ್ತಿರುವುದಿಲ್ಲ. ಹಳೆಯ ಅಳತೆಯ ಸರಪಳಿ 33 ಅಡಿ ಉದ್ದದ್ದು, ಅದರಲ್ಲಿ 16 ಆಣೆಗಳು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಜಾಗವೇ ಒಂದು ಗುಂಟೆ. ಅಂದರೆ 1,089 ಚದರ ಅಡಿ. 30-40ರ ನಿವೇಶನ 1,200 ಚದರ ಅಡಿಯಾದ್ದರಿಂದ ಗುಂಟೆಯು ಅದಕ್ಕಿಂತ ತುಸು ಚಿಕ್ಕದು. 40 ಗುಂಟೆ ಸೇರಿದರೆ ಒಂದು ಎಕರೆ, 43,560 ಚದರ ಅಡಿ. ಹಿಂದೆ ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ, ಉಡುಪಿ ಭಾಗದಲ್ಲಿ ಹಾಗೂ ಕೊಡಗಿನಲ್ಲಿ ಸೆಂಟ್ಸ್ ಲೆಕ್ಕ ರೂಢಿಯಲ್ಲಿದೆ. 100 ಸೆಂಟ್ಸ್‌ಗೆ ಒಂದು ಎಕರೆ, ಒಂದು ಸೆಂಟ್ಸ್‌ಗೆ 435.6 ಚದರ ಅಡಿ.

ಅಳತೆಯ ವ್ಯತ್ಯಾಸ ಕಿಸೆಗೆ ತಟ್ಟುವ ಬಗೆಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಪತ್ರದಲ್ಲಿ 90 ಅಡಿ ಉದ್ದ, 60 ಅಡಿ ಅಗಲವೆಂದಿದ್ದರೆ ವಿಸ್ತೀರ್ಣ 5,400 ಚದರ ಅಡಿ. ಅಳೆದಾಗ ಉದ್ದದಲ್ಲಿ ಎರಡು ಅಡಿ, ಅಗಲದಲ್ಲಿ ಆರು ಅಡಿ ಕಡಿಮೆ ಬಂದರೆ ಉಳಿಯುವುದು 4,752 ಚದರ ಅಡಿ. ಕಣ್ಣಿಗೆ ಕಾಣದ ಈ ಕೊರತೆಯ ಮೊತ್ತ 648 ಚದರ ಅಡಿ, ಅಂದರೆ ಅರ್ಧ ಗುಂಟೆಗೂ ಮಿಕ್ಕಿದ ಜಾಗ. ಅಷ್ಟು ಜಾಗಕ್ಕೆ ತೆತ್ತ ಹಣದೊಂದಿಗೆ ಅದರ ನೋಂದಣಿ ವೆಚ್ಚವೂ ವ್ಯರ್ಥ.

ಅಳೆಯುವವರು ಯಾರು?

ಅಳತೆ ಮಾಡಿಸಲು ಮೂರು ದಾರಿಗಳಿವೆ. ಮೊದಲನೆಯದು ಭೂಮಾಪನ ಇಲಾಖೆಯ ಹದ್ದುಬಸ್ತು. ಅಸ್ತಿತ್ವದಲ್ಲಿರುವ ಸರ್ವೆ ನಂಬರು ಅಥವಾ ಹಿಸ್ಸಾದ ಗಡಿಗಳನ್ನು ಮೂಲ ದಾಖಲೆಯಂತೆ ನೆಲದ ಮೇಲೆ ಗುರುತಿಸಿಕೊಡುವ ಕ್ರಮವಿದು. ಇದಕ್ಕೆ ಅರ್ಜಿ ಸಲ್ಲಿಸಬೇಕಾದವರು ಖಾತೆದಾರರು, ಅಂದರೆ ಮಾರುವವರು. ಕೊಳ್ಳುವವರು ನೇರವಾಗಿ ಅರ್ಜಿ ಹಾಕುವಂತಿಲ್ಲವಾದ್ದರಿಂದ ಮಾರುವವರನ್ನೇ ಒಪ್ಪಿಸಬೇಕು. ನಾಡಕಚೇರಿಯಲ್ಲಿ ಅಥವಾ ಇಲಾಖೆಯ ಮೋಜಿಣಿ ವ್ಯವಸ್ಥೆಯ ಮೂಲಕ ಅರ್ಜಿ ಸಲ್ಲಿಸಿ ನಿಗದಿತ ಶುಲ್ಕ ಕಟ್ಟಬೇಕಾಗುತ್ತದೆ. ಶುಲ್ಕವನ್ನು ತಾನೇ ಭರಿಸುವೆನೆಂದರೂ ಅಳತೆಗೆ ಒಪ್ಪದ ಮಾರಾಟಗಾರನ ಹಿಂಜರಿಕೆಯೇ ಕೊಳ್ಳುವವರಿಗೆ ಒಂದು ಸೂಚನೆ.

ಎರಡನೆಯದು ಸರ್ಕಾರದಿಂದ ಪರವಾನಗಿ ಪಡೆದ ಭೂಮಾಪಕರು. 11ಇ ನಕ್ಷೆ, ಭೂಪರಿವರ್ತನೆಗೆ ಮುಂಚಿನ ನಕ್ಷೆ ಮುಂತಾದ ಕೆಲಸಗಳು ಇಲಾಖೆಯ ಪರಿಶೀಲನೆಗೆ ಒಳಪಟ್ಟು ಇವರ ಮೂಲಕ ನಡೆಯುತ್ತವೆ. ಮೂರನೆಯದು ಖಾಸಗಿ ಸರ್ವೆಯರ್‌ಗಳು. ಟೋಟಲ್ ಸ್ಟೇಷನ್ ಅಥವಾ ಉಪಗ್ರಹ ಆಧಾರಿತ ಉಪಕರಣಗಳಿಂದ ಇವರು ಮಾಡುವ ಅಳತೆ ಅತ್ಯಂತ ನಿಖರವಾಗಿರುತ್ತದೆ. ಗ್ರಾಮಠಾಣದ ಮನೆಗೆ ಹಾಗೂ ಮುಂಗಡ ಕೊಡುವ ಮುನ್ನ ತ್ವರಿತವಾಗಿ ವಾಸ್ತವ ತಿಳಿಯಲು ಇದು ಉಪಯುಕ್ತ. ಆದರೆ ಇಲಾಖೆಯ ದಾಖಲೆಗಿರುವ ಅಧಿಕೃತತೆ ಈ ನಕ್ಷೆಗೆ ಇರುವುದಿಲ್ಲ. ನೆಲದ ಮೇಲೆ ಈಗಿರುವ ಬೇಲಿಯನ್ನಷ್ಟೇ ಅಳೆದುಕೊಟ್ಟರೆ ಪ್ರಯೋಜನವಿಲ್ಲ. ಟಿಪ್ಪಣಿ, ಗ್ರಾಮನಕ್ಷೆ ಅಥವಾ ಮೂಲ ಪತ್ರದ ಅಳತೆಗಳೊಂದಿಗೆ ತಾಳೆ ಮಾಡಿ ವ್ಯತ್ಯಾಸವನ್ನು ಲಿಖಿತವಾಗಿ ಕೊಡುವಂತೆ ಕೇಳಬೇಕು.

ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದು ನಿಂತ ಜಾಗದ ಸರ್ವೆ ನಂಬರು ನೋಡುವ ಸೌಲಭ್ಯ ಇಂದು ಎಲ್ಲರಿಗೂ ಇದೆ. ತೋರಿಸಿದ ಜಾಗ ಹೇಳಿದ ಸರ್ವೆ ನಂಬರಿನಲ್ಲಿಯೇ ಇದೆಯೇ, ಪಕ್ಕದಲ್ಲಿ ಕೆರೆ ಅಥವಾ ಸರ್ಕಾರಿ ಜಮೀನಿದೆಯೇ ಎಂದು ಮೇಲ್ನೋಟಕ್ಕೆ ತಿಳಿಯಲು ಅದು ಸಾಕು. ಗಡಿ ನಿರ್ಧರಿಸಲು ಸಾಲದು.

ಅಳತೆಯ ದಿನ

ಹದ್ದುಬಸ್ತಿಗೆ ದಿನ ಗೊತ್ತುಪಡಿಸಿ ಅಕ್ಕಪಕ್ಕದ ಜಮೀನಿನವರಿಗೆ ನೋಟಿಸು ನೀಡಲಾಗುತ್ತದೆ. ಭೂಮಾಪಕರು ಮೂಲ ಬಾಂದುಕಲ್ಲುಗಳನ್ನು ಹುಡುಕಿ, ಅವುಗಳಿಂದ ಅಳತೆ ಹಿಡಿದು ಗಡಿ ಗುರುತಿಸುತ್ತಾರೆ. ಬಳಿಕ ಮಹಜರು ಬರೆದು ಹಾಜರಿದ್ದವರ ಸಹಿ ಪಡೆಯುತ್ತಾರೆ. ಆ ದಿನ ಕೊಳ್ಳುವವರು ಖುದ್ದಾಗಿ ಸ್ಥಳದಲ್ಲಿರಬೇಕು. ಗೆರೆ ಎಲ್ಲಿ ಬಿತ್ತು ಎಂಬುದಕ್ಕಿಂತ ಗೆರೆ ಬಿದ್ದಾಗ ನೆರೆಯವರ ಮುಖದಲ್ಲಿ ಕಂಡದ್ದೇನು ಎಂಬುದು ಕೆಲವೊಮ್ಮೆ ಹೆಚ್ಚು ಹೇಳುತ್ತದೆ. ನಾಳೆ ಬದುಕಬೇಕಾದದ್ದು ಅವರ ಪಕ್ಕದಲ್ಲಿಯೇ.

ಅಳತೆಯ ಜೊತೆಗೆ ವಿಚಾರಿಸಬೇಕಾದ ಇತರ ಸಂಗತಿಗಳೂ ಇವೆ. ಮನೆಗೆ ಬರುವ ದಾರಿ ಗ್ರಾಮನಕ್ಷೆಯಲ್ಲಿದೆಯೇ ಅಥವಾ ಇನ್ನೊಬ್ಬರ ಜಮೀನಿನ ಮೇಲೆ ಅವರ ಔದಾರ್ಯದಿಂದ ಸಾಗಿದೆಯೇ? ನಡುಗೋಡೆ ಒಬ್ಬರದೋ, ಇಬ್ಬರದೋ? ಸೂರಿನ ನೀರು ಯಾರ ಅಂಗಳಕ್ಕೆ ಬೀಳುತ್ತದೆ? ಬಚ್ಚಲು ನೀರು ಎಲ್ಲಿಗೆ ಹರಿಯುತ್ತದೆ? ಬಾವಿಯಲ್ಲಿ ಬೇರೆಯವರಿಗೆ ಪಾಲಿದೆಯೇ? 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಪ್ರಕಾರ 20 ವರ್ಷ ನಿರಂತರವಾಗಿ, ಹಕ್ಕೆಂಬಂತೆ ಬಳಸಿದ ದಾರಿಯನ್ನು ಹೊಸ ಮಾಲೀಕ ಮುಚ್ಚುವಂತಿಲ್ಲ. ಬೇರೆಯವರು ತಮ್ಮದೆಂದೇ ಬಹಿರಂಗವಾಗಿ ಅನುಭವಿಸುತ್ತ 12 ವರ್ಷ ದಾಟಿದ ಖಾಸಗಿ ಜಾಗವನ್ನು ಮರಳಿ ಪಡೆಯುವುದೂ ಕಷ್ಟ. ಪತ್ರದಲ್ಲಿನ ಅಳತೆಗೂ ಚಕ್ಕುಬಂದಿಗೂ ವಿರೋಧ ಬಂದಾಗ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಗೆ ಹೆಚ್ಚಿನ ಮನ್ನಣೆ ನೀಡುತ್ತವೆ. ಆದ್ದರಿಂದ 'ಪೂರ್ವಕ್ಕೆ ಓಣಿ' ಎಂದು ಹಳೆಯ ಪತ್ರದಲ್ಲಿದ್ದರೆ ಆ ಓಣಿ ಇಂದಿಗೂ ಅಲ್ಲಿಯೇ ಇದೆಯೇ ಎಂದು ನೋಡಲೇಬೇಕು.

ಭೂಮಾಪಕರು ಗಡಿಯನ್ನು ತೋರಿಸಬಲ್ಲರೇ ಹೊರತು ಒತ್ತುವರಿಯಾದ ಜಾಗವನ್ನು ಬಿಡಿಸಿಕೊಡಲಾರರು. ಖಾಸಗಿ ವ್ಯಕ್ತಿಗಳ ನಡುವಿನ ಒಡೆತನ ಮತ್ತು ಸ್ವಾಧೀನದ ತೀರ್ಮಾನ ಸಿವಿಲ್ ನ್ಯಾಯಾಲಯದ್ದು. ಅಲ್ಲಿಯೂ ಕೊನೆಗೆ ಆಯುಕ್ತರನ್ನು ನೇಮಿಸಿ ಸ್ಥಳದ ಅಳತೆ ಮಾಡಿಸುವ ಸಂದರ್ಭ ಬರುತ್ತದೆ. ಖರೀದಿಗೆ ಮೊದಲು ಮಾಡಿಸಬಹುದಾಗಿದ್ದ ಅದೇ ಕೆಲಸ, ವ್ಯಾಜ್ಯದ ನಡುವೆ ನಡೆಯುತ್ತದೆ ಅಷ್ಟೇ.

ಪ್ರದೇಶಕ್ಕೆ ತಕ್ಕ ಎಚ್ಚರಿಕೆ

ಕರಾವಳಿ ಮತ್ತು ಮಲೆನಾಡಿನಲ್ಲಿ ಮನೆಯ ಸುತ್ತಲಿನ ಹಸಿರೆಲ್ಲವನ್ನೂ ತಮ್ಮದೆಂದು ತೋರಿಸುವ ರೂಢಿಯಿದೆ. ಅದರಲ್ಲಿ ಕುಮ್ಕಿ, ಬಾಣೆ, ಕಾನೆ, ಬೆಟ್ಟ, ಹಾಡಿ ಎಂದು ಕರೆಯುವ ಜಾಗಗಳೂ ಸೇರಿರಬಹುದು. ಸೊಪ್ಪು, ಸೌದೆ ಮುಂತಾದವುಗಳಿಗಾಗಿ ಜಮೀನುದಾರರಿಗೆ ಅಲ್ಲಿ ವಿಶೇಷ ಸವಲತ್ತು ಇರುತ್ತದೆಯೇ ವಿನಾ ಪಟ್ಟಾ ಜಮೀನಿನಂತೆ ಮಾರುವ ಹಕ್ಕಿದೆ ಎಂದು ಭಾವಿಸುವಂತಿಲ್ಲ. ಪಟ್ಟಾ ಜಾಗ ಎಷ್ಟು, ಸವಲತ್ತಿನ ಜಾಗ ಎಷ್ಟು ಎಂಬುದನ್ನು ಅಳತೆಯೇ ಬೇರ್ಪಡಿಸಬೇಕು. ಬಯಲುಸೀಮೆಯಲ್ಲಿ ಇದೇ ಬಗೆಯ ತೊಡಕು ಖರಾಬಿನದು. ಪಹಣಿಯಲ್ಲಿ 'ಬಿ' ಖರಾಬು ಎಂದಿದ್ದರೆ ಅದು ದಾರಿ, ಹಳ್ಳ, ಸ್ಮಶಾನ ಮುಂತಾದ ಸಾರ್ವಜನಿಕ ಉಪಯೋಗದ ನೆಲ. ಅದಕ್ಕೆ ಬೆಲೆ ತೆರುವುದು ಹಣ ಕಳೆದುಕೊಂಡಂತೆ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದದ್ದು, 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಯ ದಂಡೆಯ ಊರುಗಳು ನೀರಿನಲ್ಲಿ ಮುಳುಗಿದ್ದು ಇನ್ನೂ ಮಾಸದ ನೆನಪು. ಇಳಿಜಾರಿನ ಮನೆಯಾದರೆ ಗುಡ್ಡ ಕಡಿದು ಅಂಗಳ ಮಾಡಿದ್ದಾರೆಯೇ, ಹೊಳೆದಂಡೆಯ ಮನೆಯಾದರೆ ಹಿಂದಿನ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಊರಿನ ಹಿರಿಯರನ್ನು ಕೇಳಬೇಕು. ಆಲಮಟ್ಟಿ ಅಣೆಕಟ್ಟೆಯ ಎತ್ತರವನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೇ ನ್ಯಾಯಮಂಡಳಿಯು 2010ರಲ್ಲಿ ಅನುಮತಿ ನೀಡಿದೆ. ಆ ಹಿನ್ನೀರಿನ ಭಾಗದಲ್ಲಿ ಮನೆ ಕೊಳ್ಳುವವರು ಭೂಸ್ವಾಧೀನದ ಪಟ್ಟಿಯನ್ನೂ ಪರಿಶೀಲಿಸುವುದು ಅಗತ್ಯ.

ನೆಲದ ನಂತರ ಮನೆ

ಜಾಗದ ಅಳತೆ ಮುಗಿದ ಬಳಿಕ ಅನುಭವಿ ಸಿವಿಲ್ ಎಂಜಿನಿಯರ್ ಒಬ್ಬರಿಂದ ಕಟ್ಟಡದ ತಪಾಸಣೆ ಮಾಡಿಸಬೇಕು. ಹೆಂಚಿನ ಮನೆಯಲ್ಲಿ ಮೊದಲು ನೋಡಬೇಕಾದದ್ದು ಮಾಡು. ತೊಲೆ, ಪಕಾಸು, ರೀಪುಗಳಿಗೆ ಗೆದ್ದಲು ಹಿಡಿದಿದೆಯೇ, ಗೋಡೆಯೊಳಗೆ ಹುದುಗಿದ ತೊಲೆಯ ತುದಿ ಕೊಳೆತಿದೆಯೇ, ಮಾಡು ನಡುವೆ ಬಾಗಿದೆಯೇ ಎಂಬುದನ್ನು ಹತ್ತಿ ನೋಡಿಯೇ ತಿಳಿಯಬೇಕು. ಮಣ್ಣಿನ ಗೋಡೆಯ ಬುಡ ತೇವದಿಂದ ಸವೆಯುತ್ತದೆ. ಮೇಲೆ ಬಳಿದ ಸಿಮೆಂಟ್ ಗಿಲಾವು ಅದನ್ನು ಮರೆಮಾಚುತ್ತದೆ. ಉತ್ತರ ಕರ್ನಾಟಕದ ಎರೆಮಣ್ಣು ಮಳೆಗೆ ಹಿಗ್ಗಿ ಬೇಸಿಗೆಗೆ ಕುಗ್ಗುವುದರಿಂದ ಗೋಡೆಗಳು ಓರೆಯಾಗಿ ಬಿರುಕು ಬಿಡುವುದುಂಟು. ಹೊಸದಾಗಿ ಸುಣ್ಣಬಣ್ಣ ಬಳಿದ ಗೋಡೆಯನ್ನು ಹಳೆಯ ಗೋಡೆಗಿಂತ ಹೆಚ್ಚು ಅನುಮಾನದಿಂದ ನೋಡುವುದು ಕ್ಷೇಮ. ಸಾಧ್ಯವಾದರೆ ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಮನೆ ನೋಡಬೇಕು. ಸೋರುವುದು ಮೊದಲ ಭೇಟಿಯಲ್ಲಿ, ಬಾವಿ ಬತ್ತುವುದು ಎರಡನೆಯದರಲ್ಲಿ ತಿಳಿಯುತ್ತದೆ.

ಕುಡಿಯುವ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವುದನ್ನು ಮರೆಯುವಂತಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶವಿದೆ. ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ ಮಿತಿ. ಬೇರೆ ನೀರೇ ಇಲ್ಲದಿದ್ದಾಗ 1.5 ಮಿಲಿಗ್ರಾಂ ಗರಿಷ್ಠವೆಂದು ಭಾರತೀಯ ಮಾನಕ ಹೇಳುತ್ತದೆ.

ಕರಾರಿನಲ್ಲಿ ಬರೆಯಬೇಕಾದದ್ದು

ಅಳತೆಯ ಫಲ ದೊರೆಯಬೇಕಾದರೆ ಅದು ಕಾಗದಕ್ಕೆ ಇಳಿಯಬೇಕು. ಹದ್ದುಬಸ್ತು ಅಥವಾ 11ಇ ನಕ್ಷೆ ಬಂದ ನಂತರವೇ ಬಾಕಿ ಹಣ ಪಾವತಿ, ಅಳತೆಯಲ್ಲಿ ಕಡಿಮೆ ಬಂದಷ್ಟಕ್ಕೆ ಬೆಲೆಯಲ್ಲಿ ಕಡಿತ, ಒತ್ತುವರಿ ಅಥವಾ ದಾರಿಯ ತಕರಾರು ಹೊರಬಂದರೆ ಮುಂಗಡ ವಾಪಸು ಎಂಬ ಮೂರು ಷರತ್ತುಗಳನ್ನು ಕ್ರಯದ ಕರಾರಿನಲ್ಲಿಯೇ ಸೇರಿಸುವಂತೆ ವಕೀಲರಿಗೆ ಹೇಳಬೇಕು. ಆಸ್ತಿ ವರ್ಗಾವಣೆ ಕಾಯ್ದೆ 1882ರ 55ನೇ ಕಲಮಿನ ಪ್ರಕಾರ ತನಗೆ ಗೊತ್ತಿರುವ, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ ಮುಖ್ಯ ದೋಷಗಳನ್ನು ಮಾರುವವನು ತಿಳಿಸಬೇಕು. ಅಳೆದು ನೋಡಿದ್ದರೆ ತಿಳಿಯಬಹುದಾಗಿದ್ದ ದೋಷಕ್ಕೆ ಕಾನೂನಿನ ಅನುಕಂಪ ಅಷ್ಟಾಗಿ ದೊರೆಯದು.

ಕ್ರಯಪತ್ರದ ಷೆಡ್ಯೂಲಿನಲ್ಲಿ ಹಳೆಯ ಪತ್ರದ ವಿವರವನ್ನು ಯಥಾವತ್ತಾಗಿ ನಕಲು ಮಾಡುವುದು ಬರವಣಿಗೆಗಾರರ ಅಭ್ಯಾಸ. ಐವತ್ತು ವರ್ಷದ ಹಿಂದಿನ ತಪ್ಪು ಹೊಸ ಪತ್ರಕ್ಕೆ ನುಸುಳುವುದು ಹೀಗೆಯೇ. ಹೊಸ ಅಳತೆ, ನಾಲ್ಕೂ ದಿಕ್ಕಿನ ಇಂದಿನ ಚಕ್ಕುಬಂದಿ ಹಾಗೂ ನಕ್ಷೆ ಪತ್ರದ ಭಾಗವಾಗಬೇಕು. ನೋಂದಣಿಯ ನಂತರ ಖಾತೆ ಬದಲಾವಣೆ ಮಾಡಿಸಿ, ಗಡಿಯ ಮೂಲೆಗಳಲ್ಲಿ ಕಲ್ಲು ನೆಡಿಸಿ, ನೆರೆಯವರ ಎದುರಿನಲ್ಲಿ ಅವುಗಳ ಛಾಯಾಚಿತ್ರ ತೆಗೆದಿಡುವುದು ಉತ್ತಮ. ಬಾಂದುಕಲ್ಲನ್ನು ಕೀಳುವುದು, ಸರಿಸುವುದು ಕಾನೂನಿನಡಿ ದಂಡನಾರ್ಹ.

ಹಳ್ಳಿಯಲ್ಲಿ ನೆಲೆಸಲು ಹೊರಟವರು 'ಮೊದಲ ದಿನವೇ ಟೇಪು ಹಿಡಿದರೆ ಊರವರು ಏನೆಂದಾರು' ಎಂದು ಸಂಕೋಚಪಡುವುದು ಸಹಜ. ಆದರೆ ಹಳ್ಳಿಯ ಜನರಿಗೆ ಅಳತೆ ಹೊಸದಲ್ಲ. ಗೇಣು ಬದುವಿಗಾಗಿ ಮಾತು ಬಿಟ್ಟ ದಾಯಾದಿಗಳು ಪ್ರತಿ ಊರಿನಲ್ಲಿಯೂ ಇದ್ದಾರೆ. ಎಲ್ಲರ ಸಮಕ್ಷಮದಲ್ಲಿ ಗಡಿ ಗೊತ್ತುಮಾಡಿಕೊಂಡು ಬಂದವನ ಮನೆಯ ಬಾಗಿಲಿಗೆ ನೆರೆಯವರು ಮಾತನಾಡಲು ಬರುತ್ತಾರೆ. ಅಳೆಯದೆ ಬಂದವನ ಬಾಗಿಲಿಗೆ ಬರುವುದು ನೋಟಿಸು.